ಟ್ರಿಗರ್‌ಗೆ ಅಡ್ಡಗಟ್ಟೆ ಕಟ್ಟಲು ಹತ್ತೊಂಬತ್ತು ಸಾವಿರ ಏಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ತಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ದುಬಾರಿ ಗೇಮ್ ಕಂಟ್ರೋಲರ್‌ಗಳ, ಅಂದರೆ ವಿಡಿಯೊ ಗೇಮ್ ಆಡಲು ಎರಡೂ ಕೈಯಲ್ಲಿ ಹಿಡಿಯುವ ಸಾಧನಗಳ, ಬರಹವನ್ನು ಓದಿದೆ. ಕಾರ್ ರೇಸ್ ಆಡುವವರು ಗುಂಡಿ, ಹೆಬ್ಬೆರಳಿನಿಂದ ವಾಲಿಸುವ ಸ್ಟಿಕ್, ತೋರುಬೆರಳಿನಿಂದ ಒತ್ತುವ ಟ್ರಿಗರ್ ಎಲ್ಲವನ್ನೂ ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಮಾದರಿಯನ್ನೇ ಕೊಳ್ಳಬೇಕು ಎಂದು ಅದರಲ್ಲಿ ಸಲಹೆ ಕೊಡಲಾಗಿತ್ತು. ನಾನು ದಾವಣಗೆರೆಯ ಮಂಡಿಪೇಟೆ ಹತ್ತಿರ ಇಪ್ಪತ್ತಾರು ವರ್ಷಗಳಿಂದ ರಿಪೇರಿ ಅಂಗಡಿ ಇಟ್ಟುಕೊಂಡವನು. ಮೊದಲು ರೇಡಿಯೊ, ಟಿ.ವಿ., ಆಮೇಲೆ ಮೊಬೈಲ್. ಈಚಿನ ಐದಾರು ವರ್ಷಗಳಿಂದ ವಾರಕ್ಕೆ ನಾಲ್ಕಾದರೂ ಕಂಟ್ರೋಲರ್‌ಗಳು ನನ್ನ ಮೇಜಿಗೆ ಬರುತ್ತಿವೆ. ಬರಹ ಬರೆದವರು ಒಂದರದ್ದಾದರೂ ಸ್ಕ್ರೂ ಬಿಚ್ಚಿ ನೋಡಿದ್ದಾರೆ ಎಂದು ನನಗೆ ಅನಿಸಲಿಲ್ಲ.

ಹೋದ ತಿಂಗಳು ಒಬ್ಬ ತಂದೆ, ಮಗ ಬಂದರು. ತಂದೆ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾರೆ, ಮಗ ಪಿಯುಸಿ. ಹುಡುಗ ತನ್ನ ಕಂಟ್ರೋಲರನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ತಂದಿದ್ದ. ದುಬಾರಿ ಮಾಲು, ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಕೊಂಡು ಹದಿನಾಲ್ಕು ತಿಂಗಳಾಗಿತ್ತು, ವಾರಂಟಿ ಹನ್ನೆರಡಕ್ಕೇ ಮುಗಿದಿತ್ತು. “ಅಂಕಲ್, ಕಾರು ತಾನಾಗಿಯೇ ಎಡಕ್ಕೆ ಎಳೆಯುತ್ತದೆ” ಎಂದ. ತಂದೆ ಮಾತ್ರ, “ಇದರ ದುಡ್ಡಿನಲ್ಲಿ ಒಂದು ಹಳೆಯ ಮೊಪೆಡ್ ಬರುತ್ತಿತ್ತಲ್ಲ ಸ್ವಾಮಿ” ಎಂದು ಕುರ್ಚಿ ಎಳೆದುಕೊಂಡು ಕುಳಿತರು.

ಬಿಚ್ಚಿದೆ. ಹೊರಗೆ ರಬ್ಬರ್ ಹಿಡಿಕೆ, ಲೋಹದ ಸ್ಟಿಕ್, ಮ್ಯಾಗ್ನೆಟ್‌ನಲ್ಲಿ ಕೂರುವ ಗುಂಡಿಗಳು. ಒಳಗೆ ಸ್ಟಿಕ್ಕಿನ ಬುಡದಲ್ಲಿ ಕುಳಿತಿದ್ದದ್ದು ಮಾತ್ರ ಅದೇ ಹಳೆಯ ಪೊಟೆನ್ಶಿಯೋಮೀಟರ್. ರೇಡಿಯೊದ ವಾಲ್ಯೂಮ್ ತಿರುಗಿಸಿದಾಗ ಗರಗರ ಎನ್ನುತ್ತಿತ್ತಲ್ಲ, ಅದೇ ಜಾತಿ. ಇಂಗಾಲದ ಪಟ್ಟಿಯ ಮೇಲೆ ತಗಡಿನ ಪುಟ್ಟ ನಾಲಗೆ ಉಜ್ಜುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ. ಮುಚ್ಚಳ ಎಬ್ಬಿಸಿ ಲೆನ್ಸ್ ಹಿಡಿದರೆ ನಡುಭಾಗದಲ್ಲಿ ಬೂದುಗೆರೆ ಕಾಣಿಸಿತು. ಕಾರ್ ರೇಸ್ ಆಡುವವನ ಹೆಬ್ಬೆರಳು ಸದಾ ನಡುವಿನ ಆಚೀಚೆಯೇ ಸುಳಿದಾಡುವುದರಿಂದ ಸವೆತವೂ ಅಲ್ಲೇ. ಸ್ಟಿಕ್ ಬಿಟ್ಟರೂ ಆಟಕ್ಕೆ ಅದು ತುಸು ಎಡಕ್ಕೆ ವಾಲಿದಂತೆ ತೋರುತ್ತದೆ. ಗುಂಡು ಹಾರಿಸುವ ಆಟದಲ್ಲಿ ಇಷ್ಟನ್ನು ಹೇಗೋ ಸಹಿಸಿಕೊಳ್ಳಬಹುದು. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದ ನೇರ ರಸ್ತೆಯಲ್ಲಿ ಆಗುವುದಿಲ್ಲ. ಒಂದು ಸ್ಟಿಕ್ಕಿಗೆ ಹದಿನಾಲ್ಕು ಬೆಸುಗೆ. ಹದಿನಾಲ್ಕನ್ನೂ ಹೀರಿ ತೆಗೆದು ಹೊಸದನ್ನು ಕೂರಿಸಿದೆ. ನಾನು ತೆಗೆದುಕೊಂಡದ್ದು 450 ರೂಪಾಯಿ.

ಇದಕ್ಕೆ ಮದ್ದಿಲ್ಲವೇ? ಇದೆ, ಹಳೆಯದೇ. ಉಜ್ಜಾಟವೇ ಇಲ್ಲದೆ ಅಯಸ್ಕಾಂತದ ಚಲನೆಯನ್ನು ಅಳೆಯುವ ಹಾಲ್ ಸೆನ್ಸರ್. 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್ ಎಂಬ ಗೇಮ್ ಯಂತ್ರದ ಕಂಟ್ರೋಲರಿನಲ್ಲೇ ಅದು ಇತ್ತು. ನಮ್ಮ ಓಣಿಯ ಎಲೆಕ್ಟ್ರಿಕ್ ಸ್ಕೂಟರ್‌ಗಳ ಆ್ಯಕ್ಸಿಲರೇಟರ್ ಹಿಡಿಯಲ್ಲಿಯೂ ಅದೇ ಇರುತ್ತದೆ. ಗೇಮ್‌ಸರ್ ಕಂಪನಿಯ ಜಿ7 ಎಸ್‌ಇ ಎಂಬ ವೈರಿನ ಮಾದರಿ ಮಾರುಕಟ್ಟೆಗೆ ಬಂದಾಗ ಸುಮಾರು 45 ಡಾಲರಿನದು. ಸ್ಟಿಕ್, ಟ್ರಿಗರ್ ಎರಡಕ್ಕೂ ಹಾಲ್ ಸೆನ್ಸರ್ ಇದೆ, ಬೆನ್ನಿನಲ್ಲಿ ಎರಡು ಗುಂಡಿಗಳೂ ಇವೆ. ಇನ್ನು ದುಬಾರಿ ಮಾದರಿಗಳಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಎಲೀಟ್ ಸೀರೀಸ್ 2 ಎಂಬುದು 2019ರಲ್ಲಿ ಬಂದಾಗ ಸುಮಾರು 180 ಡಾಲರ್, ಸೋನಿಯ ಡ್ಯುಯಲ್‌ಸೆನ್ಸ್ ಎಡ್ಜ್ 2023ರಲ್ಲಿ 200 ಡಾಲರ್. ಎಡ್ಜ್‌ಗೆ ನಮ್ಮಲ್ಲಿ ಬಂದಾಗ 19,000 ರೂಪಾಯಿ ಆಸುಪಾಸು ಇತ್ತು. ಎಡ್ಜ್‌ನಲ್ಲಿ ಸ್ಟಿಕ್ ಕೆಟ್ಟರೆ ಇಡೀ ಮಾಡ್ಯೂಲನ್ನು ಮನೆಯಲ್ಲೇ ಕಳಚಿ, ಹೊಸದನ್ನು (2023ರಲ್ಲಿ 20 ಡಾಲರ್ ಇತ್ತು) ಸಿಕ್ಕಿಸಿಕೊಳ್ಳಬಹುದು. ನನ್ನಂಥವರ ಹೊಟ್ಟೆಯ ಮೇಲೆ ಹೊಡೆಯುವ ಏರ್ಪಾಡು ಅದು, ಆದರೂ ಮೆಚ್ಚಬೇಕು.

ಇನ್ನು ನನಗೆ ಸಿಟ್ಟು ತರಿಸಿದ ಸಂಗತಿಗೆ ಬರುತ್ತೇನೆ. ತಮ್ಮ ಬರಹದಲ್ಲಿ ಟ್ರಿಗರ್ ಲಾಕ್ ರೇಸಿಂಗ್‌ಗೆ ವರದಾನವೆಂದು ಬರೆಯಲಾಗಿದೆ. ಬೆನ್ನಿನ ಪುಟ್ಟ ಸ್ವಿಚ್ಚನ್ನು ಸರಿಸಿದರೆ ಟ್ರಿಗರ್ ಪೂರ್ತಿ ಒಳಗೆ ಹೋಗದೆ ಅರ್ಧದಲ್ಲೋ ಕಾಲಿನಲ್ಲೋ ನಿಲ್ಲುತ್ತದೆ. ಬಂದೂಕಿನ ಆಟದಲ್ಲಿ ಇದು ಸರಿ. ಅಲ್ಲಿ ಗುಂಡು ಹಾರಬೇಕು ಇಲ್ಲವೇ ಹಾರಬಾರದು. ಕಾರಿನ ಆಟದಲ್ಲಿ ಬಲ ಟ್ರಿಗರ್ ಎಂದರೆ ಆ್ಯಕ್ಸಿಲರೇಟರ್, ಎಡದ್ದು ಬ್ರೇಕ್. ಸ್ಕೂಟರಿನ ಹಿಡಿಯನ್ನು ಕೂದಲೆಳೆಯಷ್ಟು ತಿರುವಿದೊಡನೆ ಪೂರ್ತಿ ವೇಗ ಎದ್ದರೆ ಆಗುಂಬೆ ಘಾಟಿಯ ತಿರುವಿನಲ್ಲಿ ನಮ್ಮ ಗತಿ ಏನು? ಅರ್ಧ, ಮುಕ್ಕಾಲು, ಮತ್ತೆ ಅರ್ಧ ಎಂದು ಬೆರಳು ಅಳೆದು ಒತ್ತುವುದರಲ್ಲೇ ಆಟ ಇರುವುದು. ಅಳೆಯುವ ಪಟ್ಟಿಯನ್ನೇ ಮೋಟು ಮಾಡಿದರೆ ಬೆರಳು ಏನನ್ನು ಅಳೆಯಬೇಕು?

ಹುಡುಗನನ್ನು ಅಂಗಡಿಯಲ್ಲೇ ಕೂರಿಸಿ ಪರೀಕ್ಷೆ ಮಾಡಿಸಿದೆ. ನನ್ನ ಹಳೆಯ ಕಂಪ್ಯೂಟರಿನಲ್ಲಿ ಫೋರ್ಜಾ ಹೊರೈಜನ್ 5 ಎಂಬ ಕಾರ್ ರೇಸ್ ಆಟ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ತೆಗೆದು, ಹಿಂದಿನ ಚಕ್ರಗಳಿಂದ ಓಡುವ ಕಾರು. ಲಾಕ್ ಹಾಕಿಕೊಂಡು ಓಡಿಸಿದಾಗ ಮೂರನೇ ತಿರುವಿನಲ್ಲಿ ಕಾರು ಬುಗುರಿಯಂತೆ ಸುತ್ತಿ ಬೇಲಿಗೆ ಹೋಯಿತು. ಎರಡನೇ ಸಲವೂ ಅಲ್ಲೇ. ಲಾಕ್ ತೆಗೆದ ಮೇಲೆ ಅದೇ ತಿರುವನ್ನು ಬಾಲ ತುಸು ಅಲುಗಾಡಿಸಿ ದಾಟಿದ. ತಂದೆ ನಕ್ಕರು, ಮಗ ನಗಲಿಲ್ಲ. ಸೋನಿಯ ಪ್ಲೇಸ್ಟೇಷನ್‌ನಲ್ಲಿ ಗ್ರಾನ್ ಟುರಿಸ್ಮೊ 7 ಎಂಬ ರೇಸ್ ಆಡುವವರಿಗೆ ಇನ್ನೊಂದು ನಷ್ಟವಿದೆ. ಅಲ್ಲಿ ಬ್ರೇಕ್ ಒತ್ತಿದರೆ ಟ್ರಿಗರ್ ಬೆರಳಿಗೆ ಎದುರು ಒತ್ತುತ್ತದೆ, ಬ್ರೇಕಿನಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬಂದಾಗ ನಡುಗುತ್ತದೆ. ಎಡ್ಜ್‌ನಲ್ಲಿ ಲಾಕ್ ಹಾಕಿದೊಡನೆ ಆ ಸೌಲಭ್ಯವೇ ಇಲ್ಲವಾಗುತ್ತದೆ. ಸೋನಿಯದೇ ಅಗ್ಗದ, ಸಾಮಾನ್ಯ ಡ್ಯುಯಲ್‌ಸೆನ್ಸ್ ಕಂಟ್ರೋಲರಿನಲ್ಲಿ ಇರುವುದನ್ನು ಹೆಚ್ಚು ದುಡ್ಡು ಕೊಟ್ಟು ಕಳೆದುಕೊಂಡಂತೆ. ಸಾಲದ್ದಕ್ಕೆ ಬ್ಯಾಟರಿಯೂ ಚಿಕ್ಕದು. ಸಾಮಾನ್ಯದ್ದರಲ್ಲಿ 1,560 ಎಂಎಎಚ್, ಎಡ್ಜ್‌ನಲ್ಲಿ 1,050.

ಹಾಗೆಂದು ಎಲ್ಲವೂ ಬೂಟಾಟಿಕೆ ಎನ್ನುವುದಿಲ್ಲ. ಉದ್ದನೆಯ ಸ್ಟಿಕ್ ಹಾಕಿಕೊಂಡರೆ ಅದೇ ಕೋನಕ್ಕೆ ಹೆಬ್ಬೆರಳು ಹೆಚ್ಚು ದೂರ ಸಾಗುತ್ತದೆ, ಸ್ಟೀರಿಂಗ್ ನಯವಾಗುತ್ತದೆ. ಆದರೆ ಆಟದ ಸೆಟ್ಟಿಂಗ್‌ನಲ್ಲಿ ಡೆಡ್ ಝೋನ್ (ಸ್ಟಿಕ್ ತುಸು ಅಲುಗಿದರೂ ಆಟ ಲೆಕ್ಕಿಸದ ನಡುಭಾಗ), ಸ್ಟೀರಿಂಗ್ ಲೀನಿಯಾರಿಟಿ (ಸ್ಟಿಕ್ ಎಷ್ಟು ವಾಲಿದರೆ ಚಕ್ರ ಎಷ್ಟು ತಿರುಗಬೇಕು ಎಂಬ ಲೆಕ್ಕ) ತಿದ್ದಿಕೊಂಡರೆ ಅದರ ಮುಕ್ಕಾಲು ಪಾಲು ಪುಕ್ಕಟೆ ಸಿಗುತ್ತದೆ. ನಿಜವಾಗಿ ಕೆಲಸಕ್ಕೆ ಬರುವುದು ಬೆನ್ನಿನ ಪ್ಯಾಡಲ್‌ಗಳು, ಅಂದರೆ ಹಿಂದಿನ ಬೆರಳುಗಳಿಂದ ಒತ್ತುವ ಪಟ್ಟಿಯಂಥ ಗುಂಡಿಗಳು. ಫೋರ್ಜಾದಲ್ಲಿ ಕ್ಲಚ್ ಸಹಿತ ಗೇರ್ ಹಾಕಿ ಆಡುವವರನ್ನು ನೋಡಿ: ಬ್ರೇಕ್ ಹಿಡಿಯುವ ಎಡ ತೋರುಬೆರಳೇ ಕ್ಲಚ್ ಒತ್ತಬೇಕು, ಹ್ಯಾಂಡ್‌ಬ್ರೇಕ್ ಎಳೆಯುವ ಬಲ ಹೆಬ್ಬೆರಳೇ ಗೇರ್ ಇಳಿಸಬೇಕು. ಕ್ಲಚ್ಚನ್ನೂ ಗೇರನ್ನೂ ಪ್ಯಾಡಲ್‌ಗೆ ಕೊಟ್ಟುಬಿಟ್ಟರೆ ಹಿಂದೆ ಸುಮ್ಮನೆ ಕುಳಿತ ಬೆರಳುಗಳಿಗೆ ಉದ್ಯೋಗ ಸಿಗುತ್ತದೆ. ಆಟೋಮ್ಯಾಟಿಕ್ ಗೇರಿನಲ್ಲಿ ಆಡುವವರಿಗೆ ಇದೂ ಬೇಡ, ಮತ್ತು ನಮ್ಮ ಹುಡುಗರಲ್ಲಿ ಬಹಳ ಮಂದಿ ಆಡುವುದು ಆಟೋಮ್ಯಾಟಿಕ್‌ನಲ್ಲೇ.

ದುಡ್ಡು ಸಾರ್ಥಕವಾದದ್ದನ್ನು ನಾನು ಕಂಡಿರುವುದು ಒಂದೇ ಸಲ. ಹರಿಹರದ ಒಬ್ಬ ಲೇತ್ ಕೆಲಸಗಾರರು, ಬಲ ಹೆಬ್ಬೆರಳಿನ ಮೇಲಿನ ಗೆಣ್ಣು ಯಂತ್ರಕ್ಕೆ ಹೋಗಿದೆ. ಸೆಕೆಂಡ್ ಹ್ಯಾಂಡ್ ಎಲೀಟ್ ತಂದು, ಬಲಗಡೆಯ ನಾಲ್ಕು ಗುಂಡಿಗಳ ಕೆಲಸವನ್ನೂ ಬೆನ್ನಿನ ನಾಲ್ಕು ಪ್ಯಾಡಲ್‌ಗಳಿಗೆ ಹಂಚಿಸಿಕೊಡಿ ಎಂದರು. ಅರ್ಧ ಗಂಟೆಯ ಕೆಲಸ. ಅವರಿಂದ ದುಡ್ಡು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಅವರು ಬಿಡದೆ ಮೇಜಿನ ಮೇಲೆ ನೂರರ ನೋಟು ಇಟ್ಟು ಹೋದರು.

ಉಳಿದವರು ಅಷ್ಟು ದುಡ್ಡು ಇದ್ದರೆ ಇನ್ನೂ ಸ್ವಲ್ಪ ಕೂಡಿಸಿ ಲಾಜಿಟೆಕ್ ಜಿ29ನಂಥ ಸ್ಟೀರಿಂಗ್ ಚಕ್ರ, ಪೆಡಲ್ ಕೊಳ್ಳಲಿ. 900 ಡಿಗ್ರಿ ತಿರುಗುತ್ತದೆ, ಕಾರು ಜಾರುವುದು ಕೈಗೆ ಗೊತ್ತಾಗುತ್ತದೆ. ಅದನ್ನು ಬಿಗಿಯಲು ಗಟ್ಟಿ ಮೇಜು ಬೇಕು, ಮನೆಯವರ ಒಪ್ಪಿಗೆಯೂ ಬೇಕು. ಎರಡು ಕೋಣೆಯ ಮನೆಯಲ್ಲಿ ಎರಡೂ ಕಷ್ಟ ಎಂದು ಬಲ್ಲೆ. ಹಾಗಿದ್ದರೆ ಹಾಲ್ ಸೆನ್ಸರಿನ ಸಾದಾ ಕಂಟ್ರೋಲರ್ ಸಾಕು.

ತಮ್ಮ ಬರಹದಲ್ಲಿನ ಟ್ರಿಗರ್ ಲಾಕಿನ ಆ ಒಂದು ಸಾಲನ್ನಾದರೂ ತಿದ್ದಿ ಪ್ರಕಟಿಸಬೇಕೆಂದು ವಿನಂತಿ. ಪತ್ರಿಕೆಯ ಆ ಪುಟವನ್ನು ಮಡಿಚಿ ಹಿಡಿದು, “ಇದರಲ್ಲಿ ಬರೆದಿರುವುದನ್ನೇ ಕೊಡಿಸು ಎನ್ನುತ್ತಾನೆ, ಏನು ಮಾಡಲಿ” ಎಂದು ಕೇಳಲು ಈ ವಾರ ಆಗಲೇ ಇಬ್ಬರು ತಂದೆಯರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದಾರೆ.

ಇತಿ,
ಒಬ್ಬ ರಿಪೇರಿ ಅಂಗಡಿಯವನು,
ದಾವಣಗೆರೆ