ನನ್ನ ಪೋರ್ಟ್‌ಫೋಲಿಯೋದಲ್ಲಿ ಅರ್ಧ ಕಿತ್ತು ಹಾಕಿಸಿದವರಿಗೆ

ಸೋಮವಾರದಿಂದ ಬೆಂಗಳೂರಿನ ಒಂದು ಜಾಹೀರಾತು ಏಜೆನ್ಸಿಯಲ್ಲಿ ಜೂನಿಯರ್ ಕಾಪಿರೈಟರ್ ಆಗಿ, ಅಂದರೆ ಜಾಹೀರಾತಿನ ಮಾತು ಬರೆಯುವ ಕೆಲಸಕ್ಕೆ, ಸೇರುತ್ತಿದ್ದೇನೆ. ಗದಗಿನ ಡಿಟಿಪಿ ಅಂಗಡಿಯಲ್ಲಿ ಕೂತು ಮದುವೆ ಕಾರ್ಡು, ಬೋರ್‌ವೆಲ್ ಪಾಂಪ್ಲೆಟ್ಟು ಬರೆಯುತ್ತಿದ್ದ ನನಗೆ ಇದು ದೊಡ್ಡ ಸುದ್ದಿಯೇ. ಶುಭ ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಇವತ್ತು ಬರೆಯುತ್ತಿರುವುದು ಮುಖ್ಯವಾಗಿ ನನ್ನ ಪೋರ್ಟ್‌ಫೋಲಿಯೋವನ್ನು, ಅಂದರೆ ನಾನು ಬರೆದ ಜಾಹೀರಾತುಗಳ ಕಟ್ಟನ್ನು, ಕೂತು ಓದಿದ ಕೆಲವರಿಗೆ. ಹೆಸರು ಹಾಕಬೇಡ ಅಂದಿದ್ದಾರೆ. ಹಾಕುವುದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಈ ಲೈನಿನ ಪರಿಚಯ ಇಲ್ಲದವರಿಗೆ ಒಂದು ಮಾತು. ಕಾಪಿರೈಟರ್ ಕೆಲಸಕ್ಕೆ ಮಾರ್ಕ್ಸ್ ಕಾರ್ಡಿಗಿಂತ ಪೋರ್ಟ್‌ಫೋಲಿಯೋ ಜಾಸ್ತಿ ಮುಖ್ಯ. ಕೆಲಸವೇ ಸಿಗದವರ ಹತ್ತಿರ ಪೋರ್ಟ್‌ಫೋಲಿಯೋ ಎಲ್ಲಿಂದ ಬರಬೇಕು? ಅದಕ್ಕೇ ಸ್ಪೆಕ್ ಆಡ್ ಅಂತ ಮಾಡುತ್ತೇವೆ. ಯಾರೂ ಕೇಳದ, ಯಾರೂ ದುಡ್ಡು ಕೊಡದ ಜಾಹೀರಾತುಗಳು. ಸ್ನೇಹಿತರಿಗೆ ಕಳಿಸಿದರೆ 'ಸೂಪರ್' ಅಂತ ಬರುತ್ತದೆ. ಏಜೆನ್ಸಿಗಳಿಗೆ ಕಳಿಸಿದರೆ ಜಾಸ್ತಿ ಸಲ ಏನೂ ಬರುವುದಿಲ್ಲ. ಎರಡರಿಂದಲೂ ಕಲಿಯುವುದು ಅಷ್ಟಕ್ಕಷ್ಟೇ.

ಮೊದಲ ಥ್ಯಾಂಕ್ಸ್ ಒಬ್ಬ ಹಿರಿಯ ಕಾಪಿರೈಟರ್‌ಗೆ. ಮೈಸೂರ್ ಸ್ಯಾಂಡಲ್ ಸೋಪಿಗೆ ನಾನು ಬರೆದ ಪೋಸ್ಟರ್ ನೋಡಿ ಅವರು ನಕ್ಕರು. "ಕನ್ನಡದ ಪ್ರತಿ ಪೋರ್ಟ್‌ಫೋಲಿಯೋದಲ್ಲೂ ಈ ಸೋಪು ಮತ್ತು ಫಿಲ್ಟರ್ ಕಾಫಿ ಇದ್ದೇ ಇರುತ್ತವೆ" ಅಂದರು. ಪೋಸ್ಟರಿನಲ್ಲಿ ಇದ್ದದ್ದು ಸೋಪಿನ ಚರಿತ್ರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ರಫ್ತು ನಿಂತು ಕೊರಡು ರಾಶಿ ಬಿದ್ದದ್ದು, ಅದರಿಂದ ಎಣ್ಣೆ ತೆಗೆಯಲು ಹೊರಟದ್ದು, 1916, ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯ. ಎಲ್ಲ ನಿಜ. "ಆದರೆ ಇದು ಮಾಹಿತಿ. ಐಡಿಯಾ ಎಲ್ಲಿ?" ಅಂತ ಕೇಳಿದರು. ಆಮೇಲೆ ಇನ್ನೊಂದು ಪ್ರಶ್ನೆ: "ಸೋಪು ತೆಗೆದ ಮೇಲೆ ನಿಮ್ಮ ಮನೆಯಲ್ಲಿ ಖಾಲಿ ಡಬ್ಬಿ ಏನು ಮಾಡ್ತೀರಿ?"

ಬೀರುವಿನಲ್ಲಿ ಸೀರೆಗಳ ನಡುವೆ ಇಡುತ್ತೇವೆ. ಎಷ್ಟೋ ಮನೆಗಳಲ್ಲಿ ಇಡುತ್ತಾರೆ, ಅಲ್ವಾ? ಅದನ್ನೇ ಬರಿ ಅಂದರು. ಪುಟದ ತುಂಬ ಸಾಲು ಬರೆದು, ಹೊಡೆದು, ಕೊನೆಗೆ ಉಳಿದದ್ದು ಇದು: "ಸೋಪು ಕರಗಿತು. ಡಬ್ಬಿ ಇನ್ನೂ ಡ್ಯೂಟಿಯಲ್ಲಿದೆ." ಇಂಟರ್‌ವ್ಯೂನಲ್ಲಿ ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ. ಸಾಲು ನನ್ನದು. ಪ್ರಶ್ನೆ ಅವರದು. ನನ್ನ ಪ್ರಕಾರ ಪ್ರಶ್ನೆಯ ತೂಕವೇ ಜಾಸ್ತಿ.

ಎರಡನೆಯವರು ಆರ್ಟ್ ಡೈರೆಕ್ಟರ್, ಜಾಹೀರಾತಿನ ಚಿತ್ರ, ವಿನ್ಯಾಸ ನೋಡಿಕೊಳ್ಳುವವರು. ಮಾತು ಕಡಿಮೆ. ಅಂಗೈಯಿಂದ ಚಿತ್ರ ಮುಚ್ಚಿ ಸಾಲು ಓದುತ್ತಾರೆ. ಆಮೇಲೆ ಸಾಲು ಮುಚ್ಚಿ ಚಿತ್ರ ನೋಡುತ್ತಾರೆ. ಎರಡೂ ಒಂದೇ ವಿಷಯ ಹೇಳಿದರೆ "ಒಬ್ಬರಿಗೆ ರಜೆ ಕೊಡು" ಅನ್ನುತ್ತಾರೆ. ಈ ಪರೀಕ್ಷೆಯಲ್ಲೇ ನನ್ನ ಅರ್ಧ ಪೋರ್ಟ್‌ಫೋಲಿಯೋ ಹೋಯಿತು. ಉಳಿದದ್ದಕ್ಕೂ ಅವರದೊಂದು ಕಂಡೀಷನ್ ಇತ್ತು. ಒಂದು ಐಡಿಯಾ ಪೋಸ್ಟರಿನಲ್ಲೂ ನಿಲ್ಲಬೇಕು, ಬಸ್ಸಿನ ಹಿಂದೆಯೂ ನಿಲ್ಲಬೇಕು, ಚಿತ್ರವೇ ಇಲ್ಲದ ರೇಡಿಯೋದಲ್ಲೂ ನಿಲ್ಲಬೇಕು. ಇಲ್ಲದಿದ್ದರೆ ಅದು ಕ್ಯಾಂಪೇನ್ ಅಲ್ಲ, ಸುಮ್ನೆ ಒಂದು ಜೋಕು. ಅಮುಲ್‌ನ ಪುಟ್ಟಿ 1966ರಿಂದ ಹೋರ್ಡಿಂಗ್ ಮೇಲೆ ನಿಂತಿದ್ದಾಳೆ, ಸುದ್ದಿ ಬದಲಾಗುತ್ತಲೇ ಇದೆ, ಅವಳ ಸ್ವಭಾವ ಬದಲಾಗಿಲ್ಲ, ಅದನ್ನು ಕೂತು ನೋಡು ಅಂದರು. ನೋಡಿದೆ. ಹೊಟ್ಟೆಕಿಚ್ಚಾಯಿತು.

ರೇಡಿಯೋ ಪ್ರೊಡ್ಯೂಸರ್ ಮೇಡಂ, ನಿಮ್ಮನ್ನು ಮರೆತಿಲ್ಲ. ನನ್ನ ಸ್ಕ್ರಿಪ್ಟನ್ನು ಗಡಿಯಾರ ಹಿಡಿದು ಗಟ್ಟಿಯಾಗಿ ಓದಿಸಿದಿರಿ. 30 ಸೆಕೆಂಡಿನ ಸ್ಪಾಟ್ ಮುಗಿಯುವ ಹೊತ್ತಿಗೆ ನಾನಿನ್ನೂ ಗಂಡ ಹೆಂಡತಿಯ ಜಗಳದಲ್ಲೇ ಇದ್ದೆ, ಪ್ರಾಡಕ್ಟ್ ಬಂದೇ ಇರಲಿಲ್ಲ. ಮ್ಯೂಚುವಲ್ ಫಂಡ್ ಥರದ ಜಾಹೀರಾತಿನಲ್ಲಿ ಕೊನೆಗೆ ಒಂದೇ ಉಸಿರಿನಲ್ಲಿ ಓದುವ ಎಚ್ಚರಿಕೆ ಮಾತು ಇರುತ್ತದಲ್ಲ, ಅದನ್ನು ಮೊದಲು ಬರೆದು, ಉಳಿದ ಸೆಕೆಂಡು ಲೆಕ್ಕ ಹಾಕಿ, ಆಮೇಲೆ ಕತೆ ಶುರು ಮಾಡು ಅಂತ ಹೇಳಿಕೊಟ್ಟಿರಿ. ಯಾವ ಪುಸ್ತಕದಲ್ಲೂ ನನಗೆ ಇದು ಸಿಕ್ಕಿರಲಿಲ್ಲ.

ರಿಟೈರ್ ಆದ ಒಬ್ಬ ಹಿರಿಯರು ನೋಡಿದ್ದು ಒಂದೇ ಒಂದು ಜಾಹೀರಾತು. ಸಕ್ಕರೆ ಕಾಯಿಲೆಯ ಕಷಾಯದ್ದು. "ಬುಡದಿಂದ ವಾಸಿ" ಅನ್ನುವ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಗೀಟು ಎಳೆದರು. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ಡಯಾಬಿಟೀಸ್ ಸೇರಿ ಹಲವು ಕಾಯಿಲೆಗಳಿಗೆ ಹೀಗೆ ಔಷಧಿಯ ಜಾಹೀರಾತು ಮಾಡುವುದೇ ಅಪರಾಧ ಅಂತ ವಿವರಿಸಿದರು. ನಮ್ಮೂರ ಗೋಡೆಗಳ ಮೇಲೆ ಅಂಥ ಸಾಲುಗಳನ್ನೇ ಓದಿಕೊಂಡು ಬೆಳೆದ ನನಗೆ ಇದು ಹೊಸ ವಿಷಯ. ಆ ಪುಟದ ಜಾಗ ಈಗ ಖಾಲಿ ಇದೆ.

ಇನ್ನೊಬ್ಬರ ಮಾತು ನನ್ನ ಪೋರ್ಟ್‌ಫೋಲಿಯೋದ ಕ್ರಮವನ್ನೇ ಬದಲಿಸಿತು. ಮುಂಬೈಯಲ್ಲಿ ಹಿಂದಿಯಲ್ಲಿ ಹುಟ್ಟಿದ ಜಾಹೀರಾತು ಸಂಜೆ ಹೊತ್ತಿಗೆ ಬೆಂಗಳೂರಿಗೆ ಬರುತ್ತದೆ, ರಾತ್ರಿಯೊಳಗೆ ಅದನ್ನು ಕನ್ನಡ ಮಾಡಿ ಕೊಡಬೇಕು. ಕನ್ನಡ ಕಾಪಿರೈಟರ್‌ಗೆ ಸಿಗುವುದು ಬಹುಪಾಲು ಇದೇ ಕೆಲಸ. ಅದಕ್ಕೇ ನಾನೂ ಅಂಥವನ್ನೇ ಮುಂದೆ ಇಟ್ಟಿದ್ದೆ. ಅವರು ಕೊನೆಯ ಪುಟದಿಂದ ಬ್ಯಾಡಗಿ ಮೆಣಸಿನಕಾಯಿ ಪುಡಿಯ ಜಾಹೀರಾತು ಎಳೆದು ಮೊದಲ ಪುಟಕ್ಕೆ ತಂದರು. ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದೇ ಬ್ಯಾಡಗಿಯ ಹೆಚ್ಚುಗಾರಿಕೆ. 2011ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ, ಅಂದರೆ ಇದು ಆ ಕಡೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು. ನಾನು ಬರೆದದ್ದು ನಮ್ಮ ಕಡೆಯ ಮಾತಿನಲ್ಲಿ: "ಸಾರು ಕೆಂಪಾಗ್ತದ. ಕಣ್ಣು ಕೆಂಪಾಗೂದಿಲ್ರೀ." "ಹಿಂದಿ ಜಾಹೀರಾತು ಬರೆದ ಪೀಯೂಷ್ ಪಾಂಡೆ ಬೀದಿಯ ಹಿಂದಿಯನ್ನು ಜಾಹೀರಾತಿಗೆ ತಂದರು, ಗದಗಿನ ಬೀದಿಗೆ ಏನು ಕಡಿಮೆ?" ಅಂತ ಇವರು ನನ್ನನ್ನು ಕೇಳಿದರು. ನಾನು ಬೆಂಗಳೂರಿನಲ್ಲಿ ಬಾಯಿ ಬಿಗಿಹಿಡಿದು ಮಾತಾಡುವುದನ್ನು ಬಿಟ್ಟದ್ದು ಆ ದಿನ.

ತಂಗಿಗೆ ಬೇರೆ ಥ್ಯಾಂಕ್ಸ್ ಹೇಳಬೇಕು. ಪ್ರತಿ ಸಾಲನ್ನೂ ಅವಳೇ ಮೊದಲು ಕೇಳಿದ್ದು. ಅರ್ಥವಾಗದಿದ್ದರೆ ಅವಳು ಕಾರಣ ಹೇಳುವುದಿಲ್ಲ, ಫೋನ್ ನೋಡಲು ಶುರು ಮಾಡುತ್ತಾಳೆ.

ಕೊನೆಗೆ, ಆರ್ಟ್ ಡೈರೆಕ್ಟರ್ ಸರ್, ನಿಮ್ಮ ಒಂದು ಮಾತು ಮಾತ್ರ ನಾನು ಕೇಳಲಿಲ್ಲ. ಮೆಣಸಿನಪುಡಿ ಸಾಲಿನ ಕೊನೆಯ 'ರೀ' ತೆಗೆ, ಟೈಪ್ ಸರಿಯಾಗಿ ಕೂರುವುದಿಲ್ಲ ಅಂದಿದ್ದಿರಿ. ತೆಗೆದಿಲ್ಲ. ತೆಗೆಯುವುದೂ ಇಲ್ಲ. ಊರಿಂದ ಒಂದು ಕೆಜಿ ಬ್ಯಾಡಗಿ ಪುಡಿ ತರಿಸಿದ್ದೇನೆ. ಶನಿವಾರ ನಿಮ್ಮ ಸ್ಟುಡಿಯೋಗೆ ತರುತ್ತೇನೆ, ಜಗಳ ಅಲ್ಲೇ ಮುಂದುವರಿಸೋಣ.