ರಟ್ಟಿನ ಕೀ ಕೊಟ್ಟರು, ಕೀಯೊಳಗಿನ ಕೀ ತೋರಿಸಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ಆಷಾಢದಲ್ಲಿ ನಾನು, ನಮ್ಮ ಮನೆಯವರು ಧರ್ಮಸ್ಥಳಕ್ಕೆ ಹೋಗಿ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ವಾಪಸ್ ಬರುತ್ತಿದ್ದೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ತಿಂದು, ಕಾಫಿ ಕುಡಿದು ಹೊರಗೆ ಬಂದರೆ ಕಾರಿನ ಬಾಗಿಲು ತೆಗೆಯಲು ಬರಲಿಲ್ಲ. ರಿಮೋಟ್ ಒತ್ತಿದೆ. ಎರಡು ಸಲ, ಹತ್ತು ಸಲ. ಬಾಗಿಲಿನ ಹಿಡಿಯ ಮೇಲಿನ ಕರಿ ಗುಂಡಿಯನ್ನೂ ಒತ್ತಿದೆ. ಸದ್ದಿಲ್ಲ, ದೀಪವಿಲ್ಲ. ಮಳೆ ಮಾತ್ರ ಜೋರು. ಕೊಡೆ ಕಾರಿನೊಳಗೆ.

ಕಾರು ಕೊಟ್ಟ ಶೋರೂಮಿಗೆ ಫೋನ್ ಮಾಡಿದೆ. 'ಟೋ ಮಾಡಿಸಬೇಕು ಸರ್, ಇಲ್ಲಾಂದ್ರೆ ಮನೇಲಿರೋ ಇನ್ನೊಂದು ಕೀ ತರಿಸಿ' ಅಂದರು. ಇನ್ನೊಂದು ಕೀ ಮನೆಯ ಬೀರುವಿನಲ್ಲಿ. ಬೀರುವಿನ ಕೀ ನಮ್ಮ ಜೊತೆಯಲ್ಲೇ, ಮನೆಯವರ ಪರ್ಸಿನಲ್ಲಿ!

ನಮಗೆ ದೋಸೆ ತಂದುಕೊಟ್ಟ ಹುಡುಗ ಇದನ್ನೆಲ್ಲ ನೋಡುತ್ತಿದ್ದ. 'ಕೊಡಿ ಸಾರ್ ಇಲ್ಲಿ' ಅಂದ. ಮಂಗಳೂರಿನಲ್ಲಿ ಕಾರು ತೊಳೆಯುವ ಕಡೆ ಕೆಲಸಕ್ಕಿದ್ದನಂತೆ. ರಿಮೋಟ್‌ನ ಬದಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಒಂದು ಗುಂಡಿ. ಅದನ್ನು ಜರುಗಿಸಿ ಎಳೆದ ನೋಡಿ, ಒಳಗಿನಿಂದ ಸಣ್ಣದೊಂದು ಕಬ್ಬಿಣದ ಕೀ ಬಂತು. ಎರಡು ವರ್ಷ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದ್ದೇನೆ!

ಕೀ ಏನೋ ಬಂತು, ತೂರಿಸಲು ತೂತು ಎಲ್ಲಿ? ಡ್ರೈವರ್ ಬಾಗಿಲಿನ ಹಿಡಿಯ ತುದಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಇದೆ. ಕಾರಿನದೇ ಬಣ್ಣ, ಗೊತ್ತೇ ಆಗುವುದಿಲ್ಲ. ಹುಡುಗ ಅದೇ ಕೀಯ ಮೊನೆಯಿಂದ ಮೆಲ್ಲಗೆ ಮೀಟಿದ. ಟಪ್ ಅಂತ ಎದ್ದು ಬಂತು, ಅದರಡಿಯಲ್ಲಿ ತೂತು. ಬಾಗಿಲು ತೆರೆದ ಕೂಡಲೇ ಕಾರು ಪೇಂ ಪೇಂ ಅಂತ ಬಡಿದುಕೊಳ್ಳಲು ಶುರು ಮಾಡಿತು. ಹೋಟೆಲಿನಲ್ಲಿದ್ದವರೆಲ್ಲ ದೋಸೆ ಬಿಟ್ಟು ನನ್ನ ಮುಖ ನೋಡಿದರು, ಕಳ್ಳ ನಾನೇ ಅನ್ನುವ ಹಾಗೆ.

ಒಳಗೆ ಕೂತು ಸ್ಟಾರ್ಟ್ ಬಟನ್ ಒತ್ತಿದರೆ, ಕೀ ಇಲ್ಲ ಅಂತ ಮೀಟರಿನಲ್ಲಿ ಇಂಗ್ಲಿಷ್ ಬರಹ. ಇಲ್ಲಿಗೆ ಹುಡುಗನ ವಿದ್ಯೆ ಮುಗಿಯಿತು. ಪಕ್ಕದಲ್ಲಿ ನಿಂತಿದ್ದ ಟ್ಯಾಕ್ಸಿ ಡ್ರೈವರ್ ಒಬ್ಬರು ಬಗ್ಗಿ ನೋಡಿದರು. 'ಮೀಟರ್ ಲೈಟ್ ಬರ್ತಿದೆ ಅಲ್ವಾ, ಕಾರಿನ ಬ್ಯಾಟರಿ ಸರಿ ಇದೆ. ಹೋಗಿರೋದು ರಿಮೋಟ್ ಸೆಲ್ಲು. ಕ್ಲಚ್ ಒತ್ತಿಕೊಂಡು ರಿಮೋಟನ್ನೇ ಬಟನ್‌ಗೆ ತಾಗಿಸಿ ಒತ್ತಿ' ಅಂದರು. ಒತ್ತಿದೆ. ಸ್ಟಾರ್ಟ್ ಆಯಿತು, ಬೊಬ್ಬೆಯೂ ನಿಂತಿತು.

ಇದು ಹೇಗೆ ಅಂತ ಆಮೇಲೆ ನನ್ನ ತಂಗಿಯ ಮಗ ಬಿಡಿಸಿ ಹೇಳಿದ. ದೂರದಿಂದ ಬಾಗಿಲು ತೆಗೆಯಲು ರಿಮೋಟ್‌ಗೆ ಸೆಲ್ ಬೇಕು. ಆದರೆ ಅದರೊಳಗೆ ಇನ್ನೊಂದು ಪುಟ್ಟ ಚಿಪ್ ಇರುತ್ತದೆ, ಅದಕ್ಕೆ ಸೆಲ್ ಬೇಡ. ಹತ್ತಿರ ಹಿಡಿದರೆ ಕಾರಿನಲ್ಲಿರುವ ತಂತಿಯ ಸುರುಳಿಯೇ ಅದಕ್ಕೆ ಬೇಕಾದಷ್ಟು ಕರೆಂಟು ಕೊಡುತ್ತದೆ. ಬೆಂಗಳೂರಿನ ಮೆಟ್ರೊ ಕಾರ್ಡ್‌ಗೆ ಸೆಲ್ ಹಾಕುತ್ತೇವೆಯೇ? ಹಾಗೆಯೇ ಇದೂ. ಎಲ್ಲ ಕಾರಿನಲ್ಲೂ ಬಟನ್ ಹತ್ತಿರವೇ ಅಂತಿಲ್ಲ. ಕೆಲವಕ್ಕೆ ಬೇರೆ ಕಡೆ ಜಾಗ ಮಾಡಿರುತ್ತಾರೆ. ಆಟೊಮ್ಯಾಟಿಕ್ ಗಾಡಿಯಾದರೆ ಕ್ಲಚ್ ಬದಲು ಬ್ರೇಕ್ ಒತ್ತಬೇಕು.

ತಪ್ಪು ನನ್ನದೂ ಇದೆ. ಅದಕ್ಕೆ ಒಂದು ವಾರ ಮುಂಚಿನಿಂದಲೇ ರಿಮೋಟ್ ಎರಡೆರಡು ಸಲ ಒತ್ತಬೇಕಾಗುತ್ತಿತ್ತು, ಅದೂ ಕಾರಿನ ಪಕ್ಕಕ್ಕೇ ಹೋಗಿ. ಮಳೆಗಾಲದ ತಂಡಿ ಅಂತ ಸುಮ್ನೆ ಬಿಟ್ಟೆ. ಸೆಲ್ ಸಿಕ್ಕಿದ್ದು ವಾಚ್ ರಿಪೇರಿ ಅಂಗಡಿಯಲ್ಲಿ, 50 ರೂಪಾಯಿಗೆ. ಸಿಆರ್2032 ಅಂತ ಅದರ ಮೇಲೇ ಬರೆದಿರುತ್ತದೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಅಂತ ಅದರ ಅರ್ಥವಂತೆ. ನಿಮ್ಮ ರಿಮೋಟ್‌ಗೆ ಬೇರೆ ನಂಬರ್ ಇರಬಹುದು, ಹಳೆಯದನ್ನು ಒಯ್ದು ತೋರಿಸುವುದು ಒಳ್ಳೆಯದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಳೆಯ ಸೆಲ್ ಎಲ್ಲೆಂದರಲ್ಲಿ ಬಿಡಬೇಡಿ. ನುಂಗಿದರೆ ಗಂಟಲು, ಅನ್ನನಾಳ ಸುಟ್ಟುಹೋಗುತ್ತದೆ.

ನನ್ನ ದೂರು ಇಷ್ಟೇ. ಕಾರು ಕೊಡುವ ದಿನ ಶೋರೂಮಿನವರು ಹಾರ ಹಾಕಿದರು, ಕೇಕ್ ಕತ್ತರಿಸಿದರು. ಮೂರು ಅಡಿ ಉದ್ದದ ರಟ್ಟಿನ ಕೀ ಕೈಗೆ ಕೊಟ್ಟು ಫೋಟೊ ತೆಗೆದರು. ನಿಜವಾದ ಕೀಯನ್ನು ಬಿಚ್ಚಿ ತೋರಿಸಲು ಎರಡು ನಿಮಿಷ ಇರಲಿಲ್ಲ. ಎಲ್ಲ ಪುಸ್ತಕದಲ್ಲಿದೆ ಅನ್ನುತ್ತಾರೆ. ಇದೆ, ಹೌದು. ದಪ್ಪನೆಯ ಇಂಗ್ಲಿಷ್ ಪುಸ್ತಕ, ಅದೂ ಕಾರಿನೊಳಗೇ ಇತ್ತು. ಕೀ ಎಲ್ಲಿಂದ ಎಳೆಯಬೇಕು, ತೂತು ಎಲ್ಲಿದೆ, ರಿಮೋಟ್ ಎಲ್ಲಿಗೆ ತಾಗಿಸಬೇಕು ಅಂತ ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸಿ ಕೊಡಲಿ. ಪರ್ಸಿನಲ್ಲಿ ಹಿಡಿಸುವಷ್ಟಿದ್ದರೆ ಸಾಕು.

– ನೊಂದ ಓದುಗ, ಚಿಕ್ಕಮಗಳೂರು