ಮಗಳಿಗೊಂದು ಪತ್ರ: ವಿದುರಾಶ್ವತ್ಥವೂ ನಮ್ಮದೇ, ಕಂಬಾಲಪಲ್ಲಿಯೂ ನಮ್ಮದೇ

ಗೌರಿಬಿದನೂರು

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕ್ಲಾಸಿನಲ್ಲಿ ಕಂಬಾಲಪಲ್ಲಿ ಕೇಸಿನ ಬಗ್ಗೆ ಓದಿದ ದಿನ ನೀನು ಕೇಳಿದೆಯಲ್ಲ, "ಇಂಥ ದೇಶದ ಬಗ್ಗೆ ಹೆಮ್ಮೆ ಪಡೋಕೆ ಏನಿದೆ ಅಮ್ಮ?" ಅಂತ. ನಿನ್ನ ಧ್ವನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ಸರಿಯಾಗಿಯೇ ಇದೆ. ಅದನ್ನು ತಣ್ಣಗೆ ಮಾಡೋಕೆ ನಾನು ಬರೆಯುತ್ತಿಲ್ಲ.

ಆ ಊರು ನಮ್ಮ ಜಿಲ್ಲೆಯದೇ. ಚಿಂತಾಮಣಿ ತಾಲೂಕು. ಆಗ ಇದೆಲ್ಲ ಕೋಲಾರ ಜಿಲ್ಲೆಯಲ್ಲಿತ್ತು. 2000ನೇ ಇಸವಿ ಮಾರ್ಚ್ 11ರ ರಾತ್ರಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಕೇಸು ವರ್ಷಗಟ್ಟಲೆ ಎಳೆಯಿತು. ಸಾಕ್ಷಿಗಳು ಹೇಳಿಕೆ ಬದಲಿಸಿದರು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದರು, ಸುಟ್ಟವರು ಯಾರೂ ಇಲ್ಲ. ಇದನ್ನು ಓದಿ ನಿನಗೆ ನಿದ್ದೆ ಬರಲಿಲ್ಲ ಅಂದೆ. ಸುದ್ದಿ ಪೇಪರಿನಲ್ಲಿ ಬಂದಾಗ ನನಗೂ ಹಾಗೇ ಆಗಿತ್ತು.

ಇಂಥದ್ದನ್ನು ಎತ್ತಿ ಆಡಬಾರದು, ದೇಶದ ಮಾನ ಹೋಗುತ್ತದೆ ಅನ್ನುವವರು ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮಾನ ಹೋಗಿದ್ದು ಆ ರಾತ್ರಿ, ಅದರ ಬಗ್ಗೆ ಮಾತಾಡಿದ ದಿನ ಅಲ್ಲ.

ಆದರೂ ನನಗೆ ಈ ದೇಶದ ಬಗ್ಗೆ ಹೆಮ್ಮೆ ಇದೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ತಾಲೂಕಿನ ವಿದುರಾಶ್ವತ್ಥದಿಂದಲೇ ಶುರು ಮಾಡಬೇಕು.

ಅಲ್ಲಿಗೆ ನೀನು ನಾಗರಕಲ್ಲಿನ ಪೂಜೆಗೆ ಅಜ್ಜಿ ಜೊತೆ ಎಷ್ಟೋ ಸಲ ಹೋಗಿದ್ದೀಯ. ಪಕ್ಕದಲ್ಲಿ, ಸ್ವಾತಂತ್ರ್ಯ ಚಳವಳಿಯಲ್ಲಿ ಗುಂಡೇಟಿಗೆ ಸತ್ತವರ ಸ್ಮಾರಕವನ್ನೂ ನೋಡಿದ್ದೀಯ. ಆದರೆ ಆ ಗುಂಡು ಯಾರದ್ದು ಅಂತ ಯಾವತ್ತಾದರೂ ಯೋಚಿಸಿದ್ದೀಯಾ? ನನ್ನ ಕ್ಲಾಸಿನ ಮಕ್ಕಳನ್ನು ಕೇಳಿದರೆ ಎಲ್ಲರೂ ಬ್ರಿಟಿಷರದ್ದು ಅನ್ನುತ್ತಾರೆ. ಅಲ್ಲ. ಅದು ನಮ್ಮದೇ ಮೈಸೂರು ಸಂಸ್ಥಾನದ ಪೊಲೀಸರದ್ದು. 1938ರ ಏಪ್ರಿಲ್‌ನಲ್ಲಿ ಮೊದಲು ಮಂಡ್ಯ ಕಡೆಯ ಶಿವಪುರದಲ್ಲಿ ಜನ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಿದರು. ಏಪ್ರಿಲ್ 25ಕ್ಕೆ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಸುತ್ತಮುತ್ತಲ ಹಳ್ಳಿಯವರು, ರಾಗಿ ಬೆಳೆಯುವವರು, ನಮ್ಮ ನಿಮ್ಮಂಥವರು. ಸಭೆ ಸೇರಬಾರದು ಅಂತ ಆಜ್ಞೆ ಇತ್ತು. ಗುಂಡು ಹಾರಿತು. ಸತ್ತವರೆಷ್ಟು ಅನ್ನುವುದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದ ಮೇಲೆ, ಮೈಸೂರು ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು.

ಈಗ ನೋಡು, ಆ ಮೈಸೂರು ಎಂಥ ಮೈಸೂರು! ಮಾದರಿ ಸಂಸ್ಥಾನ ಅಂತ ದೇಶವೆಲ್ಲ ಹೊಗಳುತ್ತಿತ್ತು. 1902ಕ್ಕೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ನಮ್ಮ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕು ಬಂತು, 1916ರಲ್ಲಿ ಯೂನಿವರ್ಸಿಟಿ ಬಂತು. ಹೆಮ್ಮೆ ಪಡುವುದಕ್ಕೆ ಬೇಕಾದಷ್ಟಿತ್ತು. "ಇಷ್ಟೆಲ್ಲ ಕೊಟ್ಟಿದ್ದೇವೆ, ಸುಮ್ನೆ ಇರಿ" ಅಂತ ಸರ್ಕಾರ ಹೇಳಬಹುದಿತ್ತು. ಆದರೂ ಆ ಹಳ್ಳಿಯ ಜನ, ಕೆರೆ ಕಾಲುವೆ ಆಯಿತು, ಸ್ಕೂಲೂ ಆಯಿತು, ಆಳುವವರನ್ನು ಆರಿಸುವ ಹಕ್ಕೂ ಬೇಕು ಅಂದರು. ಅವರು ಮೈಸೂರನ್ನು ದ್ವೇಷಿಸಲಿಲ್ಲ. ಇದು ನಮ್ಮದು, ಅದಕ್ಕೇ ಕೇಳುತ್ತೇವೆ ಅಂದರು ಅಷ್ಟೆ. ನನ್ನ ಹೆಮ್ಮೆ ಅವರ ಮೇಲೆ. ಇವತ್ತು ನೀನು ಕಂಬಾಲಪಲ್ಲಿ ಬಗ್ಗೆ ಸಿಟ್ಟಿನಿಂದ ಕೇಳುತ್ತಿರುವುದು ಅದೇ ಸಾಲಿನ ಪ್ರಶ್ನೆ ಅಂತ ನಾನು ನಂಬಿದ್ದೇನೆ.

ನಮ್ಮ ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನೇ ತಗೋ. ಓದಬೇಕು ಅಂತ ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು. ಆಮೇಲೆ ಬೆಂಗಳೂರು ಯೂನಿವರ್ಸಿಟಿಯ ಕುಲಪತಿಯಾದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡುವ ಸಮಿತಿ ಮಾಡಿದರು. ಎಷ್ಟೋ ಜನರಿಗೆ ಕೋಪ ಬಂತು. ದೇಶಕ್ಕಾಗಿ ಜೈಲಿಗೆ ಹೋದ ಮನುಷ್ಯನೇ ದೇಶದ ಮೂಢನಂಬಿಕೆಯನ್ನೂ ಪ್ರಶ್ನಿಸಿದರು. ನಿನ್ನ ಅಮ್ಮನಂಥ ಎಷ್ಟೋ ಹೆಣ್ಣುಮಕ್ಕಳು ಊರು ಬಿಡದೆ ಡಿಗ್ರಿ ಓದಿದ್ದು ಗೌರಿಬಿದನೂರಿನ ನ್ಯಾಷನಲ್ ಕಾಲೇಜಿನಲ್ಲಿ. ಅದರ ಹಿಂದೆಯೂ ಅವರಿದ್ದರು.

ಇನ್ನು ನಾನೇ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಎಲೆಕ್ಷನ್ ಡ್ಯೂಟಿ ಬಂದಾಗಲೆಲ್ಲ ನಾನು ಗೊಣಗುವುದನ್ನು ನೀನು ಕೇಳಿದ್ದೀಯ. ಹಿಂದಿನ ದಿನ ಮಸ್ಟರಿಂಗ್ ಸೆಂಟರಿನಲ್ಲಿ ಬಿಸಿಲಲ್ಲಿ ನಿಂತು ಮೆಷಿನ್ ತಗೊಂಡು, ಬಸ್ಸು ಹತ್ತಿ, ಯಾವುದೋ ಹಳ್ಳಿಯ ಸ್ಕೂಲಿನ ನೆಲದ ಮೇಲೆ ಮಲಗಬೇಕು. ಆದರೆ ಬೆಳಗಾದ ಮೇಲೆ ನಡೆಯುವುದನ್ನು ನೀನು ಒಮ್ಮೆ ನೋಡಬೇಕು ಪುಟ್ಟಿ. ಇನ್ನೂ ಕತ್ತಲಿರುವಾಗಲೇ ಪಾರ್ಟಿ ಏಜೆಂಟರು ಬರುತ್ತಾರೆ. ಅವರ ಮುಂದೆ ಮೆಷಿನ್ ಖಾಲಿ ಇದೆ ಅಂತ ತೋರಿಸಿ, ಕನಿಷ್ಠ 50 ವೋಟು ಹಾಕಿಸಿ, ಎಣಿಸಿ, ಅಳಿಸಿ, ಸೀಲ್ ಮಾಡುತ್ತೇವೆ. ಸೀಲಿನ ಕಾಗದದ ಮೇಲೆ ಅವರೂ ಸಹಿ ಹಾಕುತ್ತಾರೆ. ಊರಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಬೆಂಚಿನಲ್ಲಿ ಕೂತು ತೆಲುಗಿನಲ್ಲಿ ಮಾತಾಡುತ್ತ, ಕನ್ನಡದಲ್ಲಿ ಸಹಿ ಹಾಕುತ್ತಾರೆ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕ್ಯೂ ಇದ್ದರೆ ಚೀಟಿ ಕೊಡಬೇಕು. ಚೀಟಿಯನ್ನು ಕ್ಯೂನ ಕೊನೆಯಿಂದ ಶುರು ಮಾಡಿ ಮುಂದಕ್ಕೆ ಕೊಡುತ್ತಾ ಬರಬೇಕು, ಆಮೇಲೆ ಬಂದವರು ಸೇರದಿರಲಿ ಅಂತ. ಒಂದು ಸಲ ಒಂದನೇ ನಂಬರಿನ ಚೀಟಿ ಒಬ್ಬ ಅಜ್ಜಿಗೆ ಸಿಕ್ಕಿತು. ಕೂಲಿ ಮುಗಿಸಿ ನೇರ ಹೊಲದಿಂದ ಬಂದಿದ್ದರು, ಕಾಲಲ್ಲಿ ಇನ್ನೂ ಮಣ್ಣಿತ್ತು. ಅವರ ಮುಂದೆ ನಿಂತಿದ್ದವರು ಅದೇ ಹೊಲದ ಯಜಮಾನರು. ಆ ಊರಿನ ದೇವಸ್ಥಾನದೊಳಗೆ ಆ ಅಜ್ಜಿ ಕಾಲಿಡುವ ಹಾಗಿರಲಿಲ್ಲ. ಬೂತಿನಲ್ಲಿ ಇಬ್ಬರ ಎಡಗೈ ಬೆರಳಿಗೂ ಒಂದೇ ಬಾಟಲಿಯ ಶಾಯಿ ಹಚ್ಚಿದೆವು.

ಇದೊಂದರಿಂದ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಸಂವಿಧಾನ ಬರೆದು ಮುಗಿಸುವಾಗ, 1949ರ ನವೆಂಬರ್‌ನಲ್ಲಿ, ಅಂಬೇಡ್ಕರರೇ ಎಚ್ಚರಿಸಿದ್ದರು: ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಮಾಜದಲ್ಲಿ, ದುಡ್ಡಿನಲ್ಲಿ ಇರುವುದಿಲ್ಲ, ಈ ವಿರೋಧವನ್ನು ಬೇಗ ಹೋಗಲಾಡಿಸದಿದ್ದರೆ ಅಪಾಯ ಅಂತ. ನಾವು ಬೇಗ ಹೋಗಲಾಡಿಸಲಿಲ್ಲ. ವೋಟಿನ ಹಿಂದಿನ ರಾತ್ರಿ ದುಡ್ಡು ಹಂಚುತ್ತಾರೆ, ಅದೂ ಗೊತ್ತು. ನನ್ನ ಕ್ಲಾಸಿನ ಮಕ್ಕಳು ನಕ್ಕರೆ ಹಲ್ಲು ಕಂದು ಬಣ್ಣ. ಸಾವಿರ ಅಡಿಗಿಂತ ಆಳದ ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಬೆಳೆದವರು. ಫೋಟೋ ತೆಗೆಯುವಾಗ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಹೊಟ್ಟೆ ಉರಿಯುವುದು ಇವರು ನಮ್ಮ ಮಕ್ಕಳು ಅನ್ನಿಸುವುದರಿಂದಲೇ ಅಲ್ವಾ? ನಮ್ಮ ಕಡೆಯ ರೈತರು ಶಾಶ್ವತ ನೀರಾವರಿ ಬೇಕು ಅಂತ ವರ್ಷಗಟ್ಟಲೆ ಧರಣಿ ಕೂತರು. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೆರೆಗೆ ಬಿಟ್ಟಾಗ, ಇನ್ನೂ ಒಂದು ಹಂತ ಶುದ್ಧ ಮಾಡಿ ಅಂತ ಕೋರ್ಟಿಗೂ ಹೋದರು. ಧರಣಿಯ ಪೆಂಡಾಲಿನಲ್ಲಿ ರಾಷ್ಟ್ರಧ್ವಜ ಕಟ್ಟಿಕೊಂಡು ಸರ್ಕಾರಕ್ಕೆ ಧಿಕ್ಕಾರ ಕೂಗುವವರನ್ನು ನೋಡಿದರೆ ನನಗೆ ತುಂಬ ಸಂತೋಷ ಆಗುತ್ತದೆ. ಬಾವುಟ ಇರಬೇಕಾದ್ದು ಅಲ್ಲೇ.

ಒಂದು ಕೆಲಸ ಬಾಕಿ ಇದೆ. ನಿನಗೆ 18 ತುಂಬಿತು. ವೋಟರ್ ಲಿಸ್ಟಿಗೆ ಹೆಸರು ಸೇರಿಸೋಕೆ ಫಾರಂ 6 ತುಂಬಬೇಕು. ಮೊದಲಿನ ಹಾಗೆ ಜನವರಿವರೆಗೆ ಕಾಯಬೇಕಿಲ್ಲ, ಈಗ ವರ್ಷಕ್ಕೆ ನಾಲ್ಕು ಸಲ ಅವಕಾಶ ಇದೆ. ನಮ್ಮ ಬೂತಿನ ವೋಟರ್ ಲಿಸ್ಟ್ ನೋಡಿಕೊಳ್ಳುವ ಬಿಎಲ್‌ಒ ಅಂಗನವಾಡಿ ಟೀಚರ್, ಅವರಿಗೆ ಹೇಳಿದ್ದೇನೆ. ಶನಿವಾರ ಹಿಂದೂಪುರದ ಟ್ರೇನಿಗೆ ಬಾ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜೆರಾಕ್ಸ್, ಒಂದು ಪಾಸ್‌ಪೋರ್ಟ್ ಸೈಜ್ ಫೋಟೋ ತಾ. ಆಧಾರ್ ಇಲ್ಲೇ ಬೀರುವಿನಲ್ಲಿದೆ.

ಇಂತಿ ನಿನ್ನ ಪ್ರೀತಿಯ
ಅಮ್ಮ